ಜರ್ಮನಿಗೆ ಹೋಗೋರು ಬರ್ಲಿನ್ ಒಂದನ್ನೇ ಯಾಕೆ ಹಿಡಿದು ಕೂರಬೇಕು?

ಪುಣೆಯಲ್ಲಿ ಈಗ ಜರ್ಮನ್ ಕಲಿಯೋರಿಗೆ ಲೆಕ್ಕವೇ ಇಲ್ಲ. ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನ, ಫರ್ಗ್ಯುಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್, ಅದು ಬಿಟ್ಟರೆ ಗಲ್ಲಿಗೊಂದು ಕ್ಲಾಸು. ನಾನೂ ಸಂಜೆ ಹೊತ್ತು ಮನೆಯಲ್ಲೇ ಎ1, ಎ2 ಅಂತ ಜರ್ಮನ್‌ನ ಮೊದಲ ಎರಡು ಹಂತ ಹೇಳಿಕೊಡುತ್ತೇನೆ. ಬರೋರಲ್ಲಿ ನಮ್ಮ ಕನ್ನಡದ ಮನೆಯ ಮಕ್ಕಳೇ ಜಾಸ್ತಿ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಪಿಂಪ್ರಿ, ಭೋಸರಿ, ನಿಗಡಿಯಲ್ಲಿ ನೆಲೆ ನಿಂತವರ ಮಕ್ಕಳು. ಯಾವ ಊರಿಗೆ ಹೋಗ್ತೀಯಪ್ಪಾ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರೋದು ಬರ್ಲಿನ್. ಯಾಕೆ ಅಂತ ಕೇಳಿದರೆ "ಅಕ್ಕಾ, ರಾಜಧಾನಿ ಅಲ್ವಾ?" ಅನ್ನುತ್ತಾರೆ. ಅಪ್ಪ ಅಮ್ಮಂದಿರಿಗೂ ಅದೇ ಸಮಾಧಾನ. ನೆಂಟರ ಮುಂದೆ ಹೇಳಿದರೆ ಎಲ್ಲರಿಗೂ ಗೊತ್ತಿರೋ ಹೆಸರು.

ನಾನು ಓದಿದ್ದು ಯೇನಾದಲ್ಲಿ, ಆಮೇಲೆ ಕೆಲವು ವರ್ಷ ಕೆಲಸ ಮಾಡಿದ್ದೂ ಅಲ್ಲೇ. ಟ್ಯೂರಿಂಗಿಯಾ ಅನ್ನೋ ರಾಜ್ಯದಲ್ಲಿ, ಸಾಲೆ ನದಿ ದಂಡೆಯಲ್ಲಿ, ಗುಡ್ಡಗಳ ನಡುವೆ ಇರೋ ಊರು. ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ. ವಿಶ್ವವಿದ್ಯಾಲಯ ಶುರುವಾಗಿದ್ದು 1558ರಲ್ಲಿ. ಕಾರ್ಲ್ ಝೈಸ್ 1846ರಲ್ಲಿ ಮಸೂರದ ಕೆಲಸಕ್ಕೆ ಸಣ್ಣ ಕಾರ್ಖಾನೆ ತೆರೆದದ್ದೂ ಇದೇ ಊರಲ್ಲಿ. ಇವತ್ತಿಗೂ ಬೆಳಕು, ಲೆನ್ಸು, ಲೇಸರ್ ಅಂತ ಕಲಿಯೋರಿಗೆ ಬರ್ಲಿನ್‌ಗಿಂತ ಯೇನಾ ಒಂದು ಕೈ ಮೇಲು ಅಂತ ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಜರ್ಮನಿಯಲ್ಲಿ ರಾಜಧಾನಿ ಅಂದರೆ ಕೆಲಸ ಇರೋ ಊರು ಅಂತ ಅರ್ಥ ಇಲ್ಲ. ಲಂಡನ್, ಪ್ಯಾರಿಸ್ ಕಥೆ ಬೇರೆ, ಅಲ್ಲಿ ದುಡ್ಡು, ಕೆಲಸ, ಸರ್ಕಾರ ಎಲ್ಲಾ ಒಂದೇ ಊರಲ್ಲಿ ಗುಡ್ಡೆ ಬಿದ್ದಿದೆ. ಜರ್ಮನಿ ಒಂದು ದೇಶ ಅಂತ ಆಗಿದ್ದೇ 1871ರಲ್ಲಿ. ಅದಕ್ಕೂ ಮೊದಲು ಅಲ್ಲಿದ್ದದ್ದು ನಮ್ಮ ಸಂಸ್ಥಾನಗಳ ಹಾಗೆ ಚಿಕ್ಕ ದೊಡ್ಡ ರಾಜ್ಯಗಳು, ಒಂದೊಂದಕ್ಕೂ ತನ್ನದೇ ಊರು, ತನ್ನದೇ ರಂಗಮಂದಿರ, ಎಷ್ಟೋ ಕಡೆ ತನ್ನದೇ ವಿಶ್ವವಿದ್ಯಾಲಯ. ಆಮೇಲೆ 1945ರಲ್ಲಿ ಯುದ್ಧ ಮುಗಿದು ಬರ್ಲಿನ್ ಗೆದ್ದ ದೇಶಗಳ ನಡುವೆ ನಾಲ್ಕು ಪಾಲಾಯಿತು, ಸುತ್ತಲಿನ ಪೂರ್ವ ಭಾಗ ರಷ್ಯನ್ನರ ಕೈಗೆ ಹೋಯಿತು. ಸೀಮೆನ್ಸ್ ಮುಖ್ಯ ಕಚೇರಿ ಬರ್ಲಿನ್ ಬಿಟ್ಟು ಮ್ಯೂನಿಕ್‌ಗೆ ಹೋಯಿತು. ಕೆಮ್ನಿಟ್ಸ್‌ನಲ್ಲಿದ್ದ ಆಟೋ ಯೂನಿಯನ್ ಇಂಗೋಲ್‌ಸ್ಟಾಟ್‌ನಲ್ಲಿ ಮತ್ತೆ ಶುರುವಾಗಿ ಇವತ್ತಿನ ಆಡಿ ಆಯಿತು. ಯೇನಾವನ್ನು ರಷ್ಯನ್ನರಿಗೆ ಒಪ್ಪಿಸೋ ಮೊದಲು ಅಮೆರಿಕದ ಸೈನ್ಯ ಝೈಸ್‌ನ ಮುಖ್ಯ ತಜ್ಞರನ್ನು ಪಶ್ಚಿಮಕ್ಕೆ ಕರೆದುಕೊಂಡು ಹೋಯಿತು, ಅವರು ಒಬರ್‌ಕೋಹೆನ್ ಅನ್ನೋ ಸಣ್ಣ ಊರಲ್ಲಿ ಹೊಸ ಕಂಪನಿ ಕಟ್ಟಿದರು. ಪಶ್ಚಿಮ ಜರ್ಮನಿಯ ಸರ್ಕಾರ ಬಾನ್‌ನಲ್ಲಿ ಕೂತಿತ್ತು. ಎರಡೂ ಜರ್ಮನಿ ಒಂದಾದ ಮೇಲೆ 1991ರಲ್ಲಿ ಸಂಸತ್ತು ಮತ ಹಾಕಿ ಬರ್ಲಿನ್‌ಗೆ ಹೋಗೋಣ ಅಂತ ತೀರ್ಮಾನಿಸಿ, ಹೋಗಿದ್ದು 1999ರಲ್ಲಿ. ಸರ್ಕಾರವೇನೋ ಬಂತು, ಕಾರ್ಖಾನೆಗಳು ಹಿಂದೆ ಬರಲಿಲ್ಲ. ಸರ್ವೋಚ್ಚ ಸಂವಿಧಾನ ನ್ಯಾಯಾಲಯ ಈಗಲೂ ಕಾರ್ಲ್ಸ್‌ರುಹೆಯಲ್ಲಿದೆ, ಕೇಂದ್ರ ಬ್ಯಾಂಕ್ ಫ್ರಾಂಕ್‌ಫರ್ಟ್‌ನಲ್ಲಿದೆ.

ಪುಣೆಯವರಿಗೆ ಇದನ್ನು ನಾನು ಹೇಳಬೇಕಾಗೇ ಇರಬಾರದು ನೋಡಿ! ಚಾಕಣ ರಸ್ತೆಯಲ್ಲಿ ದಿನಾ ಓಡಾಡೋರು ನಾವು. ಅಲ್ಲಿ ಕಾಣೋ ಬೋರ್ಡುಗಳನ್ನೇ ತಗೊಳ್ಳಿ. ಫೋಕ್ಸ್‌ವ್ಯಾಗನ್ ಮೂಲ ಊರು ವೋಲ್ಫ್ಸ್‌ಬುರ್ಗ್. ಗೇರ್‌ಬಾಕ್ಸ್ ಮಾಡೋ ಝಡ್‌ಎಫ್ ಇರೋದು ಸರೋವರದ ದಂಡೆಯ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿ. ತಳೇಗಾಂವ್‌ನಲ್ಲಿ ಬೇರಿಂಗ್ ಮಾಡೋ ಶೆಫ್ಲರ್ ಹೆರ್ತ್ಸೊಗೆನೌರಾಕ್‌ನದು, ಅಡಿಡಾಸ್, ಪೂಮಾ ಎರಡೂ ಅದೇ ಸಣ್ಣ ಊರಿನವೇ. ಸಾಫ್ಟ್‌ವೇರ್ ಅಂದಿರಾ? ಎಸ್‌ಎಪಿ ಇರೋದು ವಾಲ್‌ಡಾರ್ಫ್‌ನಲ್ಲಿ, ನಮ್ಮ ಕಡೆ ಅದನ್ನು ದೊಡ್ಡ ಹಳ್ಳಿ ಅನ್ನಬಹುದು. ನಮ್ಮ ಮನೆ ಹುಡುಗ ಮೆಕ್ಯಾನಿಕಲ್ ಓದಿ, ಚಾಕಣದಲ್ಲಿ ಇದೇ ಕಂಪನಿಗಳಲ್ಲಿ ಕೆಲಸ ಮಾಡಿ, ಆಮೇಲೆ ಆ ಕಂಪನಿಗಳಲ್ಲಿ ಯಾವುದರ ಮುಖ್ಯ ಕಚೇರಿಯೂ ಇಲ್ಲದ ಬರ್ಲಿನ್‌ಗೆ ಹೋಗಿ ಕೆಲಸ ಹುಡುಕುತ್ತಾನೆ. ನನಗಂತೂ ಇದು ಅರ್ಥ ಆಗೋದಿಲ್ಲ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ, ರೂಮು. ಇಲ್ಲಿಂದ ಹೋಗೋರು ಫೀಸು, ವೀಸಾ, ಟಿಕೆಟ್ ಅಂತ ಎಲ್ಲಾ ಲೆಕ್ಕ ಹಾಕುತ್ತಾರೆ, ರೂಮು ಹೋದ ಮೇಲೆ ಸಿಗುತ್ತೆ ಬಿಡಿ ಅಂದುಕೊಳ್ಳುತ್ತಾರೆ. ಜರ್ಮನಿಯಲ್ಲಿ ಮನೆಗೆ ಹೋಗಿ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಈ ವಿಳಾಸದಲ್ಲಿ ಇದ್ದೇನೆ ಅಂತ ಬರೆಸಬೇಕು. ಆನ್‌ಮೆಲ್ಡುಂಗ್ ಅಂತಾರೆ. 2015ರ ನವೆಂಬರ್‌ನಿಂದ ಇದಕ್ಕೆ ಮನೆ ಕೊಟ್ಟವರು ಸಹಿ ಹಾಕಿದ ಕಾಗದ ಕಡ್ಡಾಯ. ಆ ನೋಂದಣಿ ಆದರೆ ತೆರಿಗೆ ನಂಬರ್ ಅಂಚೆಯಲ್ಲಿ ಮನೆಗೆ ಬರುತ್ತದೆ. ತೆರಿಗೆ ನಂಬರ್ ಇಲ್ಲದಿದ್ದರೆ ಸಂಬಳದಲ್ಲಿ ಆರನೇ ವರ್ಗದ ತೆರಿಗೆ ಹಿಡಿಯುತ್ತಾರೆ, ಇರೋದರಲ್ಲೇ ಅತಿ ಜಾಸ್ತಿ ಹಿಡಿಯೋ ವರ್ಗ ಅದು. ವೀಸಾ ಮುಗಿಯೋ ಮೊದಲು ವಾಸದ ಪರವಾನಗಿ ಮಾಡಿಸಬೇಕಲ್ಲ, ಅದಕ್ಕೂ ಇದೇ ನೋಂದಣಿ ಬೇಕು. ಬ್ಯಾಂಕಿನಲ್ಲೂ ಹೆಚ್ಚಿನ ಕಡೆ ಇದನ್ನೇ ಕೇಳುತ್ತಾರೆ. ಅಂದರೆ ಒಂದು ಬಾಗಿಲ ಹೆಸರು ಫಲಕದ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಉಳಿದ ಯಾವುದೂ ಮುಂದೆ ಸಾಗೋದಿಲ್ಲ.

ಬರ್ಲಿನ್‌ನಲ್ಲಿ ರೂಮಿನ ಜಾಹೀರಾತು ಹುಡುಕುತ್ತಾ ಕೂತರೆ "ಆನ್‌ಮೆಲ್ಡುಂಗ್ ಇಲ್ಲ" ಅಂತ ಬರೆದಿರೋದು ಮೇಲಿಂದ ಮೇಲೆ ಕಾಣುತ್ತದೆ. ಮೂರು ತಿಂಗಳಿಗೆ ಅಂತ ಯಾರೋ ತಮ್ಮ ರೂಮನ್ನೇ ಬಾಡಿಗೆಗೆ ಕೊಟ್ಟಿರುತ್ತಾರೆ, ಕಾಗದಕ್ಕೆ ಸಹಿ ಹಾಕೋದಿಲ್ಲ. ನನ್ನ ಹತ್ತಿರ ಕಲಿತ ಒಬ್ಬಳು ಹುಡುಗಿ, ಬಹಳ ಚುರುಕು, ಹೀಗೇ ಒಂದು ರೂಮಿನಿಂದ ಇನ್ನೊಂದಕ್ಕೆ ಸೂಟ್‌ಕೇಸ್ ಎಳೆಯುತ್ತಾ ಮೊದಲ ಚಳಿಗಾಲ ಪೂರ್ತಿ ಕಳೆದಳು. ಓದೋದು ಬಿಟ್ಟು ದಿನಾ ರೂಮಿಗೆ ಅಂತ ಮೆಸೇಜ್ ಕಳಿಸೋದೇ ಅವಳ ಕೆಲಸ ಆಗಿತ್ತು. ರಾತ್ರಿ ಫೋನ್ ಮಾಡಿ ಅಳೋಳು, ಮನೆಯಲ್ಲಿ ಮಾತ್ರ ಹೇಳಬೇಡಿ ಅಕ್ಕಾ ಅನ್ನೋಳು. ಇದು ಬರೀ ಅವಳೊಬ್ಬಳ ಕಥೆ ಅಲ್ಲ, ಆ ಊರಿಗೆ ಹೋದವರನ್ನು ಯಾರನ್ನಾದರೂ ಕೇಳಿ ನೋಡಿ.

ವಿದ್ಯಾರ್ಥಿ ವೀಸಾಕ್ಕೆ ನಾವು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ, ಇಡೋ ಹಣ ವರ್ಷಕ್ಕೆ 11,904 ಯೂರೋ, ತಿಂಗಳಿಗೆ ಕೈಗೆ ಬರೋದು 992. ಬರ್ಲಿನ್ ಆಗಲಿ ಯೇನಾ ಆಗಲಿ ಆ 992 ಬದಲಾಗೋದಿಲ್ಲ. ಅದರಲ್ಲೇ ಬಾಡಿಗೆ, ಆರೋಗ್ಯ ವಿಮೆ, ಊಟ, ಫೋನ್. ಬಾಡಿಗೆಗೆ ಅದರಲ್ಲಿ ಎಷ್ಟು ಪಾಲು ಹೋಗುತ್ತೆ ಅನ್ನೋದರ ಮೇಲೆ ನಿಮ್ಮ ಮಗ ಅಥವಾ ಮಗಳು ರಾತ್ರಿ ಪಾಳಿಯಲ್ಲಿ ಪಾರ್ಸಲ್ ಎತ್ತಬೇಕೋ, ಲೈಬ್ರರಿಯಲ್ಲಿ ಕೂರಬಹುದೋ ಅನ್ನೋದು ನಿರ್ಧಾರ ಆಗುತ್ತದೆ.

ಹಾಗಂತ ಸಣ್ಣ ಊರು ಅಂದರೆಲ್ಲಾ ಅಗ್ಗ ಅಂದುಕೊಳ್ಳಬೇಡಿ. ಹೈಡೆಲ್‌ಬರ್ಗ್, ಫ್ರೈಬುರ್ಗ್, ಟ್ಯೂಬಿಂಗೆನ್ ಇವೆಲ್ಲಾ ಸಣ್ಣವೇ, ಬಾಡಿಗೆ ಮಾತ್ರ ದೊಡ್ಡದು. ಮೇಲಾಗಿ ಆ ಮೂರೂ ಇರೋ ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪ್ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಫೀಸು ಇದೆ. ಯೇನಾದಲ್ಲೂ ಗುಡ್ಡಗಳ ನಡುವೆ ಜಾಗ ಕಮ್ಮಿ, ರೂಮಿಗೆ ಪೈಪೋಟಿ ಇದ್ದೇ ಇದೆ. ಕೆಮ್ನಿಟ್ಸ್, ಮಾಗ್ಡೆಬುರ್ಗ್, ಇಲ್ಮೆನೌ ಕಡೆ ರೂಮು ಸುಲಭ. ಅಲ್ಲೂ ನಮ್ಮ ದೇಶದ ಹುಡುಗರು ಬೇಕಾದಷ್ಟಿದ್ದಾರೆ.

ಭಾಷೆ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ, ಟೀಚರ್ ಅಲ್ವಾ. ಯೇನಾದಲ್ಲಿ ನಾನಿದ್ದದ್ದು ಲೊಬೆಡಾ ಅನ್ನೋ ಬಡಾವಣೆಯಲ್ಲಿ. ಹಳೆಯ ಪೂರ್ವ ಜರ್ಮನಿ ಕಾಲದ ಕಾಂಕ್ರೀಟ್ ಕಟ್ಟಡಗಳು, ಟ್ರ್ಯಾಮ್ ಮನೆ ಮುಂದೆಯೇ. ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ. ಆ ಕಾಲದಲ್ಲಿ ಅಲ್ಲಿ ಶಾಲೆಯಲ್ಲಿ ರಷ್ಯನ್ ಕಲಿಸುತ್ತಿದ್ದರು, ಹಾಗಾಗಿ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದಿನ ನಾನು ಕಸ ಹಾಕುತ್ತಿದ್ದೆ. ಮೊಸರಿನ ಪ್ಲಾಸ್ಟಿಕ್ ಡಬ್ಬಿ, ಅದರ ತೆಳು ಲೋಹದ ಮುಚ್ಚಳ ಅರ್ಧ ಅಂಟಿಕೊಂಡೇ ಇತ್ತು. ಅಜ್ಜಿ "ನೈನ್ ನೈನ್", ಹಾಗಲ್ಲ ಹಾಗಲ್ಲ, ಅಂತ ಬಂದರು, ಪ್ಲಾಸ್ಟಿಕ್, ಲೋಹದ ಕಸ ಹಾಕೋ ಹಳದಿ ಡಬ್ಬಕ್ಕೆ ಕೈ ಹಾಕಿ ಅದನ್ನು ಹೊರಗೆ ತೆಗೆದು, ಮುಚ್ಚಳವನ್ನು ಪೂರ್ತಿ ಕಿತ್ತು, ಬೇರೆ ಬೇರೆಯಾಗಿ ಹಾಕಿ ತೋರಿಸಿದರು. ಒಟ್ಟಿಗೆ ಹಾಕಿದರೆ ಯಂತ್ರ ವಿಂಗಡಿಸೋಲ್ಲ ಅಂತ ಕೈಸನ್ನೆಯಲ್ಲಿ ಹೇಳಿದರು. ಆಮೇಲೆ ಡಬ್ಬಿಗೆ ಏನಂತಾರೆ, ಮುಚ್ಚಳಕ್ಕೆ ಏನಂತಾರೆ, ಯಾವ ಪದ ಗಂಡು ಅಂತ ಮುಂದೆ ಡೇರ್ ಹಾಕಬೇಕು, ಯಾವುದು ಹೆಣ್ಣು ಅಂತ ಡೀ ಹಾಕಬೇಕು, ಅಲ್ಲೇ ನಿಂತು ನನ್ನಿಂದ ಹೇಳಿಸಿದರು. ಅಲ್ಲಿಂದ ಮೆಟ್ಟಿಲಲ್ಲಿ ಸಿಕ್ಕಾಗೆಲ್ಲಾ ಒಂದು ಪಾಠ. ತಪ್ಪು ಹೇಳಿದರೆ ಬಿಡುತ್ತಿರಲಿಲ್ಲ. ನಾನು ಎ2 ಆದ ಮೇಲಿನ ಬಿ1 ಹಂತ ದಾಟಿದ್ದಕ್ಕೆ ಕ್ಲಾಸಿಗಿಂತ ಆ ಮೆಟ್ಟಿಲೇ ಜಾಸ್ತಿ ಕಾರಣ.

ಬರ್ಲಿನ್‌ನ ಸ್ಟಾರ್ಟ್‌ಅಪ್‌ಗಳಲ್ಲಿ ಇಂಗ್ಲಿಷ್‌ನಲ್ಲೇ ದಿನ ಕಳೆಯಬಹುದು. ಕಾಫಿ ಅಂಗಡಿಯಲ್ಲೂ ಇಂಗ್ಲಿಷ್. ಬಂದ ಹೊಸದರಲ್ಲಿ ಆರಾಮ ಅನ್ನಿಸುತ್ತೆ. ಎಷ್ಟೋ ವರ್ಷ ಆದ ಮೇಲೆ ಡಾಕ್ಟರ್ ಹತ್ತಿರ ನೋವು ಎಲ್ಲಿ ಅಂತ ಹೇಳೋಕೂ ಪಕ್ಕದಲ್ಲಿ ಒಬ್ಬರು ಬೇಕಾಗುತ್ತೆ. ಕಾನೂನೂ ಭಾಷೆಗೇ ಬೆಲೆ ಕೊಡುತ್ತದೆ. ಬ್ಲೂ ಕಾರ್ಡ್, ಅಂದರೆ ಪದವಿ ಇದ್ದು ಒಳ್ಳೆಯ ಸಂಬಳದ ಕೆಲಸಕ್ಕೆ ಬಂದವರಿಗೆ ಕೊಡೋ ಪರವಾನಗಿ, ಇದ್ದವರಿಗೆ ಬಿ1 ಇದ್ದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ, ಎ1 ಮಾತ್ರ ಇದ್ದರೆ 27 ತಿಂಗಳು. ಪೌರತ್ವಕ್ಕೆ 2024ರ ಜೂನ್‌ನಿಂದ 5 ವರ್ಷ ಸಾಕು, ಅದಕ್ಕೂ ಬಿ1 ಬೇಕು.

ನಮ್ಮ ಮನೆಯಲ್ಲೇ ಒಂದು ಉದಾಹರಣೆ ಇದೆ. ಅಪ್ಪ ಮತ್ತು ಕಾಕಾ ಇಬ್ಬರೂ ಇಂಡಿ ತಾಲೂಕಿನಿಂದ ಹೊರಟವರು. ಕಾಕಾ ಮುಂಬೈಗೆ ಹೋದರು, ಅಪ್ಪ ಪುಣೆಗೆ ಬಂದು ಭೋಸರಿಯಲ್ಲಿ ಟೆಲ್ಕೊಗೆ (ಈಗಿನ ಟಾಟಾ ಮೋಟರ್ಸ್) ಬಿಡಿಭಾಗ ಮಾಡೋ ಸಣ್ಣ ವರ್ಕ್‌ಶಾಪ್ ಸೇರಿದರು. ಊರಲ್ಲಿ ಎಲ್ಲರೂ ಕಾಕಾನ ಹೆಸರನ್ನೇ ಹೇಳೋರು, ಬಾಂಬೆಯಲ್ಲಿದ್ದಾನೆ ಅಂತ. ಕಾಕಾ ಡೊಂಬಿವಿಲಿಯಿಂದ ದಾದರ್‌ವರೆಗೆ ಲೋಕಲ್‌ನಲ್ಲಿ ನಿಂತುಕೊಂಡೇ ಹೋಗಿ ಬರುತ್ತಾ ಇಡೀ ಸರ್ವೀಸ್ ಮುಗಿಸಿದರು, ಮಕ್ಕಳು ಎದ್ದಿರೋದನ್ನು ನೋಡ್ತಿದ್ದದ್ದು ಭಾನುವಾರ ಮಾತ್ರ. ಅಪ್ಪ ಸೈಕಲ್ ಮೇಲೆ ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬಂದು ನಮ್ಮ ಗಣಿತ ನೋಡುತ್ತಿದ್ದರು, ಮುಂದೆ ಮೋಶಿ ಕಡೆ ಒಂದು ಗುಂಟೆ ಜಾಗ ತಗೊಂಡು ಮನೆ ಕಟ್ಟಿದರು. ಮುಂಬೈ ಕಾಕಾನಿಗೂ ಬಹಳ ಕೊಟ್ಟಿದೆ, ಅದನ್ನು ಯಾರೂ ಅಲ್ಲಗಳೆಯೋದಿಲ್ಲ. ಆದರೆ ಯಂತ್ರದ ಕೆಲಸ ಬಲ್ಲವನಿಗೆ ಆ ಹೊತ್ತಿಗೆ ಸರಿಯಾದ ಊರು ಪುಣೆಯೇ ಆಗಿತ್ತು. ಕೆಲಸ ಎಲ್ಲಿದೆ ಅಂತ ನೋಡಿದರು, ಅಷ್ಟೇ.

ಕಷ್ಟಗಳನ್ನೂ ಹೇಳಲೇಬೇಕು, ಮುಚ್ಚಿಟ್ಟರೆ ನಿಮ್ಮ ಮಕ್ಕಳಿಗೆ ಮೋಸ ಮಾಡಿದ ಹಾಗೆ. 2024ರ ಸೆಪ್ಟೆಂಬರ್‌ನಲ್ಲಿ ಟ್ಯೂರಿಂಗಿಯಾ ರಾಜ್ಯದ ಚುನಾವಣೆಯಲ್ಲಿ ವಲಸೆ ಬರೋರನ್ನು ವಿರೋಧಿಸೋ ಎಎಫ್‌ಡಿ ಪಕ್ಷ ಮೊದಲ ಸ್ಥಾನಕ್ಕೆ ಬಂತು, ಸುಮಾರು ಮೂರರಲ್ಲಿ ಒಂದು ಮತ ಅವರಿಗೆ. ಯೇನಾ ವಿದ್ಯಾರ್ಥಿಗಳ ಊರು, ಅಲ್ಲಿನ ಗಾಳಿ ಸ್ವಲ್ಪ ಬೇರೆ. ಆದರೂ ರಾತ್ರಿ ಟ್ರ್ಯಾಮ್‌ನಲ್ಲಿ ಒಬ್ಬ ಕುಡುಕ ನನ್ನ ಮುಖ ನೋಡಿಕೊಂಡೇ ನಿಮ್ಮೂರಿಗೆ ಹೋಗಿ ಅಂದದ್ದು ನೆನಪಿದೆ. ಟ್ರ್ಯಾಮ್‌ನಲ್ಲಿದ್ದ ಒಬ್ಬ ಹೆಂಗಸು ಎದ್ದು ಬಂದು ನನ್ನ ಪಕ್ಕ ಕೂತರು, ನಾನು ಇಳಿಯೋವರೆಗೂ ಕೂತೇ ಇದ್ದರು. ಎರಡೂ ನಿಜ. ಪೂರ್ವ ಭಾಗದ ಊರು ಆರಿಸೋರು, ಅದರಲ್ಲೂ ಹೆಣ್ಣುಮಕ್ಕಳು, ಅಲ್ಲೇ ಈಗ ಓದುತ್ತಿರೋ ನಮ್ಮವರ ಹತ್ತಿರ ಮಾತಾಡದೆ ನಿರ್ಧಾರ ಮಾಡಬೇಡಿ. ಅದೇ ಕಾರಣಕ್ಕೆ ಪಶ್ಚಿಮದ ಬ್ರೆಮೆನ್, ಬ್ರೌನ್‌ಶ್ವೈಗ್, ಆಹೆನ್ ಕಡೆ ನೋಡಿ ಅಂತಲೂ ಹೇಳುತ್ತೇನೆ. ಬ್ರೆಮೆನ್‌ಗೂ ಪುಣೆಗೂ ಹಳೆಯ ಸ್ನೇಹ, ಔಂಧ್‌ನ ಬ್ರೆಮೆನ್ ಚೌಕದಲ್ಲಿ ನೀವೂ ಟ್ರಾಫಿಕ್‌ನಲ್ಲಿ ನಿಂತಿರುತ್ತೀರಿ.

ರೈಲು ಇನ್ನೊಂದು. 2017ರ ಡಿಸೆಂಬರ್‌ನಲ್ಲಿ ಎರ್ಫರ್ಟ್ ಮೂಲಕ ಹೊಸ ವೇಗದ ಮಾರ್ಗ ಶುರುವಾದ ಮೇಲೆ ಮ್ಯೂನಿಕ್ ಬರ್ಲಿನ್ ನಡುವಿನ ಐಸಿಇ ಅನ್ನೋ ವೇಗದ ರೈಲುಗಳು ಯೇನಾ ದಾರಿ ಬಿಟ್ಟವು. ಸಣ್ಣ ಊರಿಗೆ ಹೀಗಾಗುತ್ತೆ, ದೊಡ್ಡವರು ನಕ್ಷೆಯಲ್ಲಿ ಗೆರೆ ಬದಲಿಸಿದರೆ ನಿಮ್ಮ ಒಂದು ಪ್ರಯಾಣಕ್ಕೆ ಇನ್ನೊಂದು ರೈಲು ಬದಲಿಸಬೇಕು. ಜೋಳದ ಹಿಟ್ಟು ಸಿಗೋದಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಅದು ಬರ್ಲಿನ್‌ನಲ್ಲೂ ಹಾಗೇ. ಕನ್ನಡ ಮಾತಾಡೋಕೆ ಇಡೀ ಊರಲ್ಲಿ ಐದಾರು ಜನ. ನಾವು ಅಕ್ಟೋಬರ್‌ನಲ್ಲಿ ಎಲ್ಲಾ ಸೇರಿ ಪಕ್ಕದ ವೈಮರ್‌ಗೆ ಈರುಳ್ಳಿ ಜಾತ್ರೆಗೆ ಹೋಗುತ್ತಿದ್ದೆವು. 1653ರಿಂದ ನಡೆದು ಬಂದ ಜಾತ್ರೆ ಅದು. ಈರುಳ್ಳಿಯನ್ನು ಜಡೆ ಹೆಣೆದು, ಒಣ ಹೂ ಸಿಕ್ಕಿಸಿ ಮಾರುತ್ತಾರೆ. ಅಂಥ ಒಂದು ಜಡೆ ನನ್ನ ಅಡುಗೆ ಮನೆಯಲ್ಲಿ ನೇತು ಹಾಕಿಕೊಂಡಿದ್ದೆ.

ಗಂಡ ಹೆಂಡತಿ ಇಬ್ಬರೂ ಹೋಗೋದಾದರೆ ಮಾತ್ರ ಇನ್ನೂ ಯೋಚಿಸಿ. ಒಬ್ಬರಿಗೆ ಸಣ್ಣ ಊರಲ್ಲಿ ಒಳ್ಳೆಯ ಕೆಲಸ ಸಿಕ್ಕಿ, ಜರ್ಮನ್ ಬಾರದ ಇನ್ನೊಬ್ಬರು ಮನೆಯಲ್ಲಿ ಕೂತರೆ ಚಳಿಗಾಲದಲ್ಲಿ ಸಂಜೆ ನಾಲ್ಕು ಗಂಟೆಗೇ ಬೀಳೋ ಕತ್ತಲು ಬಹಳ ಭಾರ. ಹಾಗಿದ್ದರೆ ಲೈಪ್‌ಜಿಗ್, ಹ್ಯಾನೋವರ್ ಅಂಥ ನಡು ಗಾತ್ರದ ಊರು ನೋಡಿ. ಡಿಸೈನ್, ಸಿನಿಮಾ, ಸಂಗೀತ, ಸ್ಟಾರ್ಟ್‌ಅಪ್ ಅನ್ನೋರು ಧೈರ್ಯವಾಗಿ ಬರ್ಲಿನ್‌ಗೇ ಹೋಗಿ, ನಿಮ್ಮ ಕೆಲಸ ಇರೋದು ಅಲ್ಲೇ.

ಈ ವರ್ಷ ಹೊರಡೋರಿಗೆ ಇಷ್ಟು. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ, ಅಂದರೆ ನಮ್ಮ ಅಂಕಪಟ್ಟಿ, ಪದವಿ ಪರಿಶೀಲಿಸಿ ಕೊಡೋ ಪತ್ರ, ಕಡ್ಡಾಯ, ಅದನ್ನು ಮೊದಲೇ ಮಾಡಿಸಿ. ಊರು ಆರಿಸೋ ಮೊದಲು ಕೋರ್ಸಿನ ಪಾಠಪಟ್ಟಿ ತೆಗೆದು, ಆ ವಿಷಯದ ಕಂಪನಿಗಳು ಎಲ್ಲಿವೆ ಅಂತ ನಕ್ಷೆಯಲ್ಲಿ ಗುರುತು ಹಾಕಿ. ಪ್ರವೇಶ ಪತ್ರ ಬಂದ ದಿನವೇ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಿ, ವೀಸಾ ಬರಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ಬರ್ಲಿನ್ ನೋಡೋ ಆಸೆ ಇದ್ದೇ ಇರುತ್ತೆ, ಅದಕ್ಕೆ ದೇಶದ ಸಾದಾ ರೈಲುಗಳಿಗೆಲ್ಲಾ ನಡೆಯೋ, ತಿಂಗಳಿಗೆ 63 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ಇದೆ. ಐಸಿಇ ಹತ್ತೋಕಾಗಲ್ಲ, ಸಾದಾ ರೈಲುಗಳಲ್ಲಿ ಬದಲಿಸಿಕೊಂಡು ಶನಿವಾರ ಬೆಳಿಗ್ಗೆ ಯೇನಾದಿಂದ ಹೊರಟರೆ ಮಧ್ಯಾಹ್ನದ ಊಟಕ್ಕೆ ಬರ್ಲಿನ್‌ನಲ್ಲಿರುತ್ತೀರಿ. ಯಾವ ಕೋರ್ಸು, ಯಾವ ಊರು ಅಂತ ಕೆಳಗೆ ಬರೆದರೆ ನನಗೆ ಗೊತ್ತಿರೋದನ್ನು ಖಂಡಿತ ಹೇಳುತ್ತೇನೆ.