ಹೆಸರು ಕೊರೆದ ಪಾತ್ರೆಗಳು

ಫುಟ್‌ಬಾಲಿನಲ್ಲಿ ಆಟಗಾರರನ್ನು ಕೊಂಡು ಮಾರುವ ಅವಧಿ, ಅಂದರೆ ಟ್ರಾನ್ಸ್‌ಫರ್ ವಿಂಡೋ, ಮುಚ್ಚಿತು. ದೊಡ್ಡ ಕ್ಲಬ್ಬುಗಳು ಎಂದಿನಂತೆ ಹುಡುಗರನ್ನು ಕೊಂಡವು, ಜೆರ್ಸಿ ನಂಬರ್ ಕೊಡುವ ಮೊದಲೇ ಬೇರೆ ಕ್ಲಬ್ಬುಗಳಿಗೆ ಲೋನ್‌ಗೆ, ಅಂದರೆ ಎರವಲು, ಅಟ್ಟಿದವು.

ಮದುವೆ ಸೀಸನ್ನಿನಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಶಾಮಿಯಾನದ ಅಂಗಡಿಗಳಿವೆಯಲ್ಲ, ಆ ದಂಧೆಯನ್ನು ಫುಟ್‌ಬಾಲಿನಲ್ಲಿ ಉದ್ಧಾರ ಮಾಡಿದ ಪುಣ್ಯಾತ್ಮ ಕ್ಲಬ್ಬು ಲಂಡನ್ನಿನ ಚೆಲ್ಸಿ. 2018-19ರಲ್ಲಿ ಅದರ ಸುಮಾರು 40 ಕೊಳಗಗಳು ಊರೂರಿನ ಒಲೆ ಮೇಲಿದ್ದವು. ಕಂಠದ ಮೇಲೆ ಮಾಲೀಕರ ಹೆಸರು, ಬೇಯುವುದು ಪರರ ಮನೆಯಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಂತೂ ಲೋನ್ ಆಟಗಾರ ಮೂಲ ಕ್ಲಬ್ಬಿನ ವಿರುದ್ಧ ಆಡುವಂತಿಲ್ಲ. ಧಣಿ ಊಟಕ್ಕೆ ಬಂದ ದಿನ ಅವರದೇ ಪಾತ್ರೆ ಬೋರಲು!

ಗೋಲ್‌ಕೀಪರ್ ಮಾತೇಯ್ ಡೆಲಾಚ್ ನೆನಪಿದೆಯೇ? 2010ರಿಂದ 2018ರವರೆಗೆ ಚೆಲ್ಸಿಯವನು. ಮೊದಲ ತಂಡಕ್ಕೆ ಆಡಿದ್ದು ಸೊನ್ನೆ ಪಂದ್ಯ. 2017ರಲ್ಲಿ ಜಾನ್ ಟೆರಿ ಹೊರಟ ಮೇಲೆ ಕ್ಲಬ್ಬಿನ ಅತ್ಯಂತ ಹಳೆಯ ಆಟಗಾರ ಇವನೇ. ಬ್ರೆಜಿಲ್‌ನಿಂದ ಬಂದ ಲೂಕಾಸ್ ಪಿಯಾಜೋನ್ ಮಲಗಾ, ವಿಟೆಸ್, ಫ್ರಾಂಕ್‌ಫರ್ಟ್, ರೆಡಿಂಗ್, ಫುಲಂ, ಕಿಯೇವೊ, ರಿಯೊ ಆವೆ ಸುತ್ತಿದ. ಏಳು ಊರಿನ ನೀರು ಕುಡಿದವನಿಗೆ ಚೆಲ್ಸಿ ಬಡಿಸಿದ್ದು ಮೂರೇ ಪಂದ್ಯ.

ಕೊನೆಗೆ ಫಿಫಾಕ್ಕೂ ಎಚ್ಚರವಾಯಿತು. 2022ರ ಜುಲೈನಿಂದ ಒಂದು ಕ್ಲಬ್ಬಿನ ಅಂತರರಾಷ್ಟ್ರೀಯ ಲೋನ್‌ಗೆ ಮಿತಿ: ಮೊದಲು 8, ಆಮೇಲೆ 7, 2024ರಿಂದ 6. ಒಂದೇ ಕ್ಲಬ್ಬಿಗೆ 3ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಒಂದು ವರ್ಷ ಮೀರುವಂತಿಲ್ಲ, ಲೋನ್ ಪಡೆದವರು ಮರುಲೋನ್ ಕೊಡುವಂತಿಲ್ಲ. ಎಷ್ಟು ಕಟ್ಟುನಿಟ್ಟು! ಆದರೆ ಕ್ಲಬ್ಬಿನಲ್ಲೇ ತರಬೇತಾದ, 21ರೊಳಗಿನ ಹುಡುಗರು ಈ ಲೆಕ್ಕಕ್ಕಿಲ್ಲ. ಕಳ್ಳನನ್ನು ಹಿಡಿಯಲು ಬಾಗಿಲಿಗೆ ಬೀಗ, ಹಿತ್ತಿಲಿಗೆ ಚಿಲಕವೂ ಇಲ್ಲ.

ತರಬೇತಾದವನು ಎಂದರೆ ಯಾರು? 15ರಿಂದ 21ರ ನಡುವೆ ಮೂರು ಸೀಸನ್ ಆ ಕ್ಲಬ್ಬಿನಲ್ಲಿ ನೋಂದಾಯಿತನಾದವನು. 16ಕ್ಕೆ ಎತ್ತಿಕೊಂಡು ಬಂದರೆ 19ಕ್ಕೆ ಮನೆಮಗ! ಇಂಗ್ಲೆಂಡಿನಲ್ಲಿ ಎತ್ತಿಕೊಂಡು ಬರುವುದೂ ಅಗ್ಗ. 2012ರ ಅಕಾಡೆಮಿ ಯೋಜನೆ ಹುಡುಗನ ಹಳೆಯ ಕ್ಲಬ್ಬಿಗೆ ಕೊಡುವ ಪರಿಹಾರದ ದರಪಟ್ಟಿಯನ್ನೇ ಬರೆದಿಟ್ಟಿತು. ಆಗ 9ರಿಂದ 11ರ ವಯಸ್ಸಿನ ತರಬೇತಿಗೆ ವರ್ಷಕ್ಕೆ 3,000 ಪೌಂಡ್. ಎಂಜೊ ಫರ್ನಾಂಡಿಸ್ ಎಂಬ ಒಬ್ಬನೇ ಆಟಗಾರನಿಗೆ 10 ಕೋಟಿ ಪೌಂಡ್ ದಾಟಿ ಸುರಿದ ಚೆಲ್ಸಿಯವರಿಗೆ ಇದು ಕಡಲೆಕಾಯಿ ದುಡ್ಡು. ಬ್ರೆಂಟ್‌ಫರ್ಡ್ 2016ರಲ್ಲಿ ಅಕಾಡೆಮಿಯನ್ನೇ ಮುಚ್ಚಿತು: ಬಿತ್ತುವುದು ನಾವು, ಕೊಯ್ಯುವುದು ಅವರು, ಸಾಕಪ್ಪ ಎಂದು.

ಇನ್ನು ಲೆಕ್ಕಪುಸ್ತಕದ ಮಾಯೆ. ಮನೆಯಲ್ಲೇ ಬೆಳೆದ ಹುಡುಗನ ಪುಸ್ತಕದ ಬೆಲೆ ಸೊನ್ನೆ, ಹಾಗಾಗಿ ಮಾರಿದರೆ ಬಂದಷ್ಟೂ ಲಾಭ. ಪ್ರೀಮಿಯರ್ ಲೀಗಿನ 2025-26ರವರೆಗಿನ ನಿಯಮದಂತೆ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್ ನಷ್ಟದ ಮಿತಿಯೊಳಗೆ ನುಸುಳಬೇಕಾಗಿದ್ದವರಿಗೆ ಇದಕ್ಕಿಂತ ಒಳ್ಳೆಯ ಗುಜರಿ ಮಾಲು ಎಲ್ಲಿ ಸಿಗಬೇಕಿತ್ತು? ಬಾಲ್ಯದಿಂದ ಚೆಲ್ಸಿಯಲ್ಲೇ ಇದ್ದ ಕಾನರ್ ಗ್ಯಾಲಗರ್ ನಾಲ್ಕು ಕ್ಲಬ್ಬಿಗೆ ಲೋನ್ ಹೋಗಿ ಬಂದು, ತಂಡದಲ್ಲಿ ಜಾಗ ಗಿಟ್ಟಿಸಿಕೊಂಡ. 2024ರಲ್ಲಿ ಅವನನ್ನೂ ಮಾರಿದರು.

ತಮಾಷೆ ಸಾಕು. ಪಾತ್ರೆ ಖಾಲಿ ಬಿದ್ದರೆ ಹೆಚ್ಚೆಂದರೆ ಕಿಲುಬು ಹಿಡಿಯುತ್ತದೆ. ಲೋನ್ ಹುಡುಗನಿಗೆ ಹೋಗುವುದು 18ರಿಂದ 23ರ ವಯಸ್ಸು, ಅದು ವಾಪಸ್ ಬರುವುದಿಲ್ಲ.

ದಾರಿ ಇಲ್ಲವೆಂದಲ್ಲ. ವಯಸ್ಸಿನ ವಿನಾಯಿತಿ ತೆಗೆಯಿರಿ. ಒಬ್ಬನೇ ಒಡೆಯನ ಎಲ್ಲ ಕ್ಲಬ್ಬುಗಳನ್ನೂ ಒಂದೇ ಎಂದು ಎಣಿಸಿ. 2023ರಲ್ಲಿ ಚೆಲ್ಸಿಯ ಮಾಲೀಕರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಕ್ಲಬ್ಬನ್ನು ಕೊಂಡಿದ್ದು ಅಲ್ಲಿನ ಕೆಥೆಡ್ರಲ್ ನೋಡಲಿಕ್ಕಲ್ಲ. ಎರಡನೇ ಲೋನ್ ಮುಗಿದ ಮೇಲೂ ಮೊದಲ ತಂಡದಲ್ಲಿ ಆಡಿಸದಿದ್ದರೆ ಹುಡುಗನಿಗೆ ಬಿಡುಗಡೆ, ದುಡ್ಡಿಲ್ಲದೆ. ಮೂರೂ ಒಂದೇ ಹಾಳೆಯಲ್ಲಿ ಹಿಡಿಸುತ್ತವೆ. ಅಷ್ಟಾದರೆ ಶಾಮಿಯಾನದ ಅಂಗಡಿಯವರು ಕೋರ್ಟಿಗೆ ಹೋಗುತ್ತಾರೆ, ಆಟಗಾರರ ಹಿತದೃಷ್ಟಿಯಿಂದ.