ಗೋತ್ರ ಹೇಳಿದರೆ ಮಾತ್ರ ಅನಿಮೆ

ಕಣ್ಣು ದೊಡ್ಡದಾಗಿದ್ದು, ಕೂದಲು ನೀಲಿಯಾಗಿದ್ದು, ನಾಯಕನು ಓಡುವಾಗ ಅವನ ಹಿಂದೆ ಗೆರೆಗಳು ಹಾರುತ್ತಿದ್ದರೆ ಅದು ಅನಿಮೆ, ಅಂದರೆ ಜಪಾನಿನ ಅನಿಮೇಷನ್, ಎಂದು ನಂಬಿರುವ ಮುಗ್ಧರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಶಾಸ್ತ್ರ ತಿಳಿಯದು. ಇದು ಗೋತ್ರ, ಪ್ರವರಗಳನ್ನು ವಿಚಾರಿಸಿ, ತಂದೆಯ ಕಡೆ ಏಳು ತಲೆಮಾರೂ ಟೋಕಿಯೋದವರೇ ಎಂದು ಖಚಿತಪಡಿಸಿಕೊಂಡ ನಂತರವಷ್ಟೇ ಪಂಕ್ತಿಯಲ್ಲಿ ಎಲೆ ಹಾಕಬೇಕಾದ ವಿಷಯ. ಈ ವಿಚಾರಣೆಯನ್ನು ನಡೆಸಲು ಬೆಂಗಳೂರಿನಿಂದ ಬೋಸ್ಟನ್‌ವರೆಗೆ ಪಂಡಿತರಿದ್ದಾರೆ. ಅವರಲ್ಲಿ ಹೆಚ್ಚಿನವರು ಜಪಾನೀಯರಲ್ಲ; ಜಪಾನೀಯರಿಗೆ ಈ ಶಾಸ್ತ್ರದಲ್ಲಿ ಅಷ್ಟಾಗಿ ಆಸಕ್ತಿಯೂ ಇಲ್ಲ.

ಏಕೆಂದರೆ ಜಪಾನಿನಲ್ಲಿ ‘ಅನಿಮೆ’ ಎಂದರೆ ಅನಿಮೇಷನ್, ಅಷ್ಟೇ. ಇಂಗ್ಲಿಷಿನ ಉದ್ದ ಪದವೊಂದು ಬಾಯಿಗೆ ಭಾರವೆನಿಸಿದ್ದರಿಂದ ಅವರು ಅದರ ಬಾಲವನ್ನು ಕತ್ತರಿಸಿದರು. ಡಿಸ್ನಿಯ ‘ಫ್ರೋಜನ್’ ಕೂಡ ಅಲ್ಲಿ ಅನಿಮೆಯೇ. ಆದರೆ ಬಾಲ ಕಳೆದುಕೊಂಡ ಆ ಪದವು ಮರಳಿ ಇಂಗ್ಲಿಷಿನ ಮನೆಗೆ ಬಂದಾಗ, ವಿದೇಶದಿಂದ ಹಿಂದಿರುಗಿದ ಮಗನಿಗೆ ಸಿಗುವ ಮರ್ಯಾದೆ ಅದಕ್ಕೂ ಸಿಕ್ಕಿತು. ತನ್ನ ಸ್ವಂತ ಅಣ್ಣನಾದ ‘ಅನಿಮೇಷನ್’ ಜೊತೆ ಒಂದೇ ಜಗಲಿಯಲ್ಲಿ ಕೂರಲು ಈಗ ಅದು ಒಪ್ಪುವುದಿಲ್ಲ. ದೊಡ್ಡ ಕಣ್ಣುಗಳ ಕಥೆಯೂ ಇಂಥದ್ದೇ. 1963ರ ಜನವರಿ 1ರಂದು ಟೀವಿಯಲ್ಲಿ ‘ಆಸ್ಟ್ರೋ ಬಾಯ್’ ಆರಂಭಿಸಿದ ಒಸಾಮು ತೆಜುಕಾ ಅವರು ಡಿಸ್ನಿಯ ಪರಮಭಕ್ತರು, ‘ಬ್ಯಾಂಬಿ’ಯನ್ನು ತಾವೇ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ರೂಪಕ್ಕೆ ತಂದವರು. ಅಮೆರಿಕದ ಜಿಂಕೆಮರಿಯ ಕಣ್ಣು ಹೀಗೆ ಜಪಾನಿನ ಕುಲಲಕ್ಷಣವಾಯಿತು.

ಪಂಡಿತರ ಪಾಂಡಿತ್ಯ ನಿಜವಾಗಿ ಬೆಳಗುವುದು ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ವಿಷಯದಲ್ಲಿ. 2005ರಲ್ಲಿ ಅಮೆರಿಕದ ನಿಕಲೋಡಿಯನ್ ವಾಹಿನಿ ಆರಂಭಿಸಿದ ಈ ಧಾರಾವಾಹಿಯನ್ನು ಬಿಡಿಸಿದವರು ದಕ್ಷಿಣ ಕೊರಿಯಾದ ಸ್ಟುಡಿಯೋಗಳ ಕಲಾವಿದರು. ಇದು ಅನಿಮೆ ಅಲ್ಲವೆಂಬುದು ಶಾಸ್ತ್ರದ ತೀರ್ಪು. ಸರಿ. ಆದರೆ ಟೋಕಿಯೋದ ಸ್ಟುಡಿಯೋಗಳೂ ಹಲವು ದಶಕಗಳಿಂದ ಎರಡು ಮುಖ್ಯ ಚಿತ್ರಗಳ ನಡುವಣ ಚಲನೆಯನ್ನು ಬಿಡಿಸುವ ಬೆನ್ನು ಮುರಿಯುವ ಕೆಲಸವನ್ನು ಕೊರಿಯಾಕ್ಕೂ ಫಿಲಿಪ್ಪೀನ್ಸ್‌ಗೂ ಕಳುಹಿಸುತ್ತ ಬಂದಿವೆ. ಸೋಲ್ ನಗರದ ಡಿ.ಆರ್. ಮೂವಿ ಎಂಬ ಸ್ಟುಡಿಯೋ ಟೋಕಿಯೋದ ಮ್ಯಾಡ್‌ಹೌಸ್‌ಗೂ ದುಡಿದಿದೆ, ‘ಅವತಾರ್’ಗೂ ದುಡಿದಿದೆ. ಅಂದರೆ ಅಲ್ಲಿನ ಕಲಾವಿದನೊಬ್ಬನು ಬೆಳಿಗ್ಗೆ ಬಿಡಿಸಿದ ಕೈ ಅನಿಮೆಯದಾಗಿ, ಊಟ ಮುಗಿಸಿ ಬಂದು ಅದೇ ಪೆನ್ಸಿಲಿನಲ್ಲಿ ಬಿಡಿಸಿದ ಕೈ ಕೇವಲ ಕಾರ್ಟೂನಿನದಾಗುವ ಸಂಭವವಿದೆ. ಯಾವ ಕೈ ಯಾವುದರದೆಂದು ತಿಳಿಯಲು ಗೆರೆಯನ್ನು ನೋಡಿ ಪ್ರಯೋಜನವಿಲ್ಲ, ಸಂಬಳದ ಚೀಟಿಯನ್ನು ನೋಡಬೇಕು. ಯೆನ್ನಿನಲ್ಲಿ ಬಂದರೆ ಮಡಿ, ಡಾಲರಿನಲ್ಲಿ ಬಂದರೆ ಮೈಲಿಗೆ.

ಹಾಗಾದರೆ ಕಥೆ ಎಲ್ಲಿಯದಾದರೂ ಚಿಂತೆಯಿಲ್ಲವೇ ಎಂದರೆ, ಹೌದು, ಚಿಂತೆಯಿಲ್ಲ. ಸ್ವಿಟ್ಜರ್ಲೆಂಡಿನ ಕಾದಂಬರಿಯ ಹುಡುಗಿ ಹೈಡಿ 1974ರಲ್ಲಿ ಟೀವಿ ಧಾರಾವಾಹಿಯ ಮೂಲಕ ಜಪಾನಿನ ಸೊಸೆಯಾಗಿ ಹೋದಳು. ಸೊಸೆಗೆ ಗಂಡನ ಗೋತ್ರವೇ ಬರುತ್ತದೆ. ಕೊರಿಯಾದ ‘ಸೋಲೋ ಲೆವೆಲಿಂಗ್’ ಕೂಡ 2024ರಲ್ಲಿ ಜಪಾನಿನ ಸ್ಟುಡಿಯೋವೊಂದರ ಹೊಸಿಲು ದಾಟಿ, ಮರುವರ್ಷವೇ ಅಮೆರಿಕದಲ್ಲಿ ಹುಟ್ಟಿ ಸೋನಿಯ ಪಾಲಾದ ಕ್ರಂಚಿರೋಲ್ ಎಂಬ ಅನಿಮೆ ಪ್ರಸಾರ ಕಂಪನಿಯಿಂದ ವರ್ಷದ ಅನಿಮೆ ಎಂಬ ಪ್ರಶಸ್ತಿ ಪಡೆಯಿತು. ಆದರೆ ಅದೇ ಕಥೆಯ ಕಾಮಿಕ್ಸನ್ನು ಮಾಂಗಾ ಎಂದು ಕರೆದು ನೋಡಿ, ನಿಮ್ಮನ್ನು ಪಂಕ್ತಿಯಿಂದ ಎಬ್ಬಿಸುತ್ತಾರೆ.

ಅದು ‘ಮಾನ್ಹ್ವಾ’. ಚೀನಾದ್ದಾದರೆ ‘ಮಾನ್‌ಹುವಾ’. ಮೂರನ್ನೂ ಬರೆಯುವುದು ಅವೇ ಎರಡು ಚೀನೀ ಅಕ್ಷರಗಳಿಂದ. ಉಚ್ಚಾರ ಮಾತ್ರ ಬೇರೆ. (ನಮ್ಮಲ್ಲಿ ಮಾಂಗಾ ಪದದ ಮೊದಲ ದೀರ್ಘ ಜಾರಿದರೆ ಕೋತಿಯಾಗುತ್ತದೆ, ಉಳಿದರೆ ನೆರೆಯ ತಮಿಳರಿಗೆ ಮಾವಿನಕಾಯಿಯಾಗುತ್ತದೆ, ಆ ಗೊಂದಲವೇ ನಮಗೆ ಸಾಕಿತ್ತು.) ಬಲದಿಂದ ಎಡಕ್ಕೆ ಓದಿಸಿಕೊಳ್ಳುವುದೇ ಮಾಂಗಾದ ಲಕ್ಷಣವೆಂದು ಕೆಲವರು ವಾದಿಸುತ್ತಾರೆ. ಹಿಂದೆ ಇಂಗ್ಲಿಷ್ ಪ್ರಕಾಶಕರು ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುತ್ತಿದ್ದಾಗ ಸಮುರಾಯಿಗಳೆಲ್ಲ ಎಡಚರಾದರು, ಬದುಕಿದ್ದವರ ಕಿಮೋನೋ ಹೆಣಕ್ಕೆ ಉಡಿಸುವ ರೀತಿಯಲ್ಲಿ ಮಡಿಚಿಕೊಂಡಿತು. ಆಗ ಅವು ಮಾಂಗಾ ಆಗಿದ್ದವೋ ಇಲ್ಲವೋ ಎಂಬ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ. ಇನ್ನು, 1814ರಿಂದ ಪ್ರಕಟವಾಗತೊಡಗಿದ, ಜಪಾನಿನ ಚಿತ್ರಕಾರ ಹೊಕುಸಾಯಿಯ ‘ಮಾಂಗಾ’ದಲ್ಲಿ ಕಥೆಯೇ ಇಲ್ಲ, ಬರೀ ಬಿಡಿಚಿತ್ರಗಳು. ಹೆಸರಿನಲ್ಲೇ ಮಾಂಗಾ ಎಂದಿದ್ದರೂ ಅದಕ್ಕೆ ಹೊರಜಗಲಿಯಲ್ಲೇ ಊಟ. ಇಷ್ಟರ ನಡುವೆ ಜಪಾನಿನ ವಿದೇಶಾಂಗ ಸಚಿವರಾಗಿದ್ದ ತಾರೋ ಅಸೋ ಅವರು 2007ರಲ್ಲಿ ಹೊರದೇಶದ ಕಲಾವಿದರಿಗಾಗಿ ಅಂತರರಾಷ್ಟ್ರೀಯ ಮಾಂಗಾ ಪ್ರಶಸ್ತಿಯನ್ನೇ ಸ್ಥಾಪಿಸಿಬಿಟ್ಟರು. ಪರರು ಬರೆದದ್ದೂ ಮಾಂಗಾ ಆಗಬಹುದೆಂದು ಸಾಕ್ಷಾತ್ ಜಪಾನ್ ಸರ್ಕಾರವೇ ಒಪ್ಪಿಕೊಂಡ ಮೇಲೂ ಪಂಡಿತರು ಕದಲಲಿಲ್ಲ. ಸರ್ಕಾರಕ್ಕೆ ಶಾಸ್ತ್ರ ಗೊತ್ತಿರಬೇಕಲ್ಲ!

ನಮ್ಮವರ ಪಾಲಿಗೆ ಕಗ್ಗಂಟಾಗಿರುವುದು 1993ರ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’. ಕಥೆ ವಾಲ್ಮೀಕಿಯದು, ಪಟ್ಟು ಹಿಡಿದು ಮಾಡಿಸಿದವರು ಜಪಾನಿನ ಯುಗೋ ಸಾಕೋ, ನಿರ್ದೇಶನದಲ್ಲಿ ಭಾರತದ ರಾಮ್ ಮೋಹನ್ ಅವರದೂ ಪಾಲು, ಮೂಲ ಸಂಭಾಷಣೆ ಇಂಗ್ಲಿಷ್, ಹಾಡುಗಳು ಸಂಸ್ಕೃತ. ಇಷ್ಟು ಸೂಕ್ಷ್ಮವಾದ ವಿಷಯವನ್ನು ಕಾರ್ಟೂನು ಮಾಡಬಾರದೆಂದು ನಮ್ಮ ಸರ್ಕಾರ ಅಂದು ಕೈಜೋಡಿಸಲಿಲ್ಲ. ಕಾರ್ಟೂನಲ್ಲ, ಅನಿಮೆ ಎಂದು ವಾದಿಸಬಲ್ಲ ಪಂಡಿತರು ಆಗ ಇನ್ನೂ ತೊಟ್ಟಿಲಲ್ಲಿದ್ದರು. 2025ರ ಜನವರಿಯಲ್ಲಿ ಚಿತ್ರವು ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ಗಳಲ್ಲಿ ಮರುಬಿಡುಗಡೆಯಾಯಿತು. ಕನ್ನಡಕ್ಕೆ ಎಲೆ ಹಾಕಿರಲಿಲ್ಲ, ಆದರೆ ಅದು ಬೇರೆ ಪಂಕ್ತಿಯ ಜಗಳ. ಶಾಸ್ತ್ರದ ಇನ್ನೊಂದು ವಿಧಿಯ ಪ್ರಕಾರ ಜಪಾನಿ ಧ್ವನಿಯಲ್ಲಿ, ಕೆಳಗಿನ ಸಬ್‌ಟೈಟಲ್ ಓದುತ್ತ ನೋಡಿದರೆ ಮಾತ್ರ ಶುದ್ಧ, ಡಬ್ ಆದದ್ದೆಲ್ಲ ಅಶುದ್ಧ. ಮೂಲದಲ್ಲೇ ಇಂಗ್ಲಿಷ್ ಮಾತಾಡುವ ಈ ರಾಮನನ್ನು ಜಪಾನಿಯಲ್ಲಿ ನೋಡಿದರೆ ಶುದ್ಧವಾದೀತೋ ಅಶುದ್ಧವಾದೀತೋ ಎಂಬ ಪ್ರಶ್ನೆಗೆ ಧರ್ಮಸಿಂಧುವಿನಲ್ಲೂ ಉತ್ತರ ಸಿಗಲಾರದು.

ಇಷ್ಟೆಲ್ಲ ನಿಷ್ಠೆಯುಳ್ಳ ಪಂಡಿತರು, ತಾವು ಎಷ್ಟು ವರ್ಷಗಳಿಂದ ಅನಿಮೆ ನೋಡುತ್ತಿದ್ದೇವೆಂಬ ಹಿರಿತನದ ಲೆಕ್ಕ ಬಂದಾಗ ಮಾತ್ರ ಸೀದಾ ದೂರದರ್ಶನದ ಮೋಗ್ಲಿಗೆ ಹೋಗುತ್ತಾರೆ. 1990ರ ದಶಕದ ಭಾನುವಾರಗಳಲ್ಲಿ ಕನ್ನಡದ ಮನೆಗಳಲ್ಲೂ ಓಡಿದ ಆ ಧಾರಾವಾಹಿ ನಿಪ್ಪಾನ್ ಅನಿಮೇಷನ್ ಸಂಸ್ಥೆಯದು, 1989ರದು, ಗೋತ್ರದಲ್ಲಿ ಕುಂದಿಲ್ಲ. ಆದರೆ ಅದನ್ನು ನೋಡಿದ್ದು ಹಿಂದಿಯಲ್ಲಲ್ಲವೇ, ಡಬ್ ಮೈಲಿಗೆಯಲ್ಲವೇ ಎಂದು ಕೇಳಿದರೆ, ಆಗ ತಮಗಿನ್ನೂ ಉಪನಯನವಾಗಿರಲಿಲ್ಲ ಎನ್ನುತ್ತಾರೆ.