ಮೊರದಡಿ ಬಾಲ, ಫ್ರಿಜ್ಜಡಿ ಹಾವುರಾಣಿ

ಇವತ್ತಿಗೆ ಮೂರು ದಿನ ಆಯ್ತು, ನಮ್ಮನೇಲಿ ಅಡುಗೆಮನೆಗೆ ಚಪ್ಪಲಿ ಹಾಕ್ಕೊಂಡು ಹೋಗ್ತಿದೀವಿ. ಹೊಸಿಲು ದಾಟೋಕೆ ಮುಂಚೆ ಕಾಲು ತೊಳ್ಕೊಂಡ್ ಬಾ ಅನ್ನೋ ನಮ್ಮತ್ತೆನೇ ವಾಕಿಂಗ್ ಶೂ ಹಾಕ್ಕೊಂಡು ಒಗ್ಗರಣೆ ಹಾಕ್ತಿದಾರೆ ಅಂದ್ರೆ ಲೆಕ್ಕ ಹಾಕ್ಕೊಳಿ.

ದೇವರಾಯನದುರ್ಗದ ತಪ್ಪಲಲ್ಲಿ ನಮ್ಮನೆಯವ್ರ ಚಿಕ್ಕಪ್ಪನ ತೋಟ ಇದೆ. ಭಾನುವಾರ ಅಲ್ಲಿಂದ ಒಂದು ಚೀಲ ಎಲೆಗೊಬ್ಬರ ತಂದು, ನಾಳೆ ಪಾಟ್‌ಗೆ ಹಾಕ್ತೀನಿ ಅಂತ ಹಿಂಬಾಗಿಲ ಹತ್ರ ಇಟ್ರು. ಇವರ 'ನಾಳೆ' ನಂಗೊತ್ತಿಲ್ವಾ. ಸೋಮವಾರ ಬೆಳಿಗ್ಗೆ ಒಂದ್ಕಡೆ ಕುಕ್ಕರ್ ಕೂಗ್ತಿದೆ, ಇನ್ನೊಂದ್ಕಡೆ ಬೆಂಗ್ಳೂರ್ ಟ್ರೇನ್ ಹೋಗುತ್ತೆ ಅಂತ ಇವರು ಕೂಗ್ತಿದಾರೆ, ಅಷ್ಟೊತ್ತಿಗೆ ಚೀಲದಿಂದ ಬೆರಳುದ್ದದ ಹಾವುರಾಣಿ ಮರಿ ಸರ್ರಂತ ಹೊರಗೆ ಬಂತು. ಮೈಯೆಲ್ಲ ಎಣ್ಣೆ ಸವರಿದಂಗೆ ಮಿಣಮಿಣ, ಬಾಲ ಮಾತ್ರ ಬ್ಯಾಡಗಿ ಮೆಣಸಿನಕಾಯಿ ಕೆಂಪು.

"ಅಯ್ಯಯ್ಯೋ, ನೆಕ್ಕಿದ್ರೂ ಸಾಕು ಪ್ರಾಣ ಹೋಗ್ತದೆ!" ಅಂತ ಅತ್ತೆ ಪೊರಕೆ ಬೀಸಿದ್ರು. ಬಾಲ ಕಿತ್ಕೊಂಡು ಬಿತ್ತು, ಬಿದ್ದಿದ್ದೇ ತಡ ಒಂಟಿಯಾಗಿ ಕುಣಿಯೋಕೆ ಶುರು ಮಾಡ್ತು. ನಾನು ಅದರ ಮೇಲೆ ಮೊರ ಕವುಚಿದೆ, ಅತ್ತೆ ಮೊರದ ಮೇಲೆ ಗುಂಡುಕಲ್ಲು ಇಟ್ರು, ಇಬ್ರೂ ಕೂತ್ಕೊಂಡು ಐದು ನಿಮಿಷ ಆ ಬಾಲಕ್ಕೆ ಕಾವಲು ಕಾದ್ವಿ. ಬಾಲದ ಯಜಮಾನ ಅಷ್ಟರಲ್ಲಿ ನೆಮ್ಮದಿಯಾಗಿ ಫ್ರಿಜ್ ಕೆಳಗೆ ಸೇರ್ಕೊಂಡಿತ್ತು.

ನಮ್ಮನೆಯವ್ರು? ಊಟದ ಕುರ್ಚಿ ಮೇಲೆ. ಗ್ಯಾಸ್ ವಾಸನೆ ಬರ್ತಿದ್ರೂ ಮೊದ್ಲು ಫೋನ್ ತೆಗೆದು ಓದೋ ಮನುಷ್ಯ ಇವರು. "ವಿಷ ಇಲ್ಲ ಕಣೇ, ಬರೀ ಹುಳಹುಪ್ಪಟೆ ತಿನ್ನುತ್ತಂತೆ."

"ಮತ್ತೆ ಇಳೀರಿ."

"ತಾಳು... ದೊಡ್ಡದಾದ್ಮೇಲೆ ಬಾಲದ ಕೆಂಪು ಹೋಗುತ್ತಂತೆ. ಪಶ್ಚಿಮ ಘಟ್ಟದ ಕಾಡಲ್ಲಿ ಇನ್ನೊಂದು ಪುಟ್ಟ ಜಾತಿ ಇದೆ, ಬೆಕ್ಕಿನ ತರ ಉಗುರು ಒಳಗೆ ಎಳ್ಕೊಳ್ಳುತ್ತಂತೆ ಕಣೇ!"

ನಮ್ ಫ್ರಿಜ್ಜಡಿ ಇರೋದಕ್ಕೂ ಪಶ್ಚಿಮ ಘಟ್ಟಕ್ಕೂ ಏನ್ರೀ ಸಂಬಂಧ? ಟ್ರೇನ್ ಹೋಯ್ತು, ಕುಕ್ಕರಲ್ಲಿ ಬೇಳೆ ಸೀದೋಯ್ತು, ಕುರ್ಚಿ ಮೇಲಿನ ಪಾಠ ಮಾತ್ರ ಮುಗೀಲಿಲ್ಲ. ಕೊನೆಗೆ ಓದಿದ್ದೇನಂದ್ರೆ, ಅದು ಬಾಲದಲ್ಲೇ ಕೊಬ್ಬು ಕೂಡಿಟ್ಕೊಂಡಿರುತ್ತಂತೆ. ಅಂದ್ರೆ ಆ ಬಡಪಾಯಿಯ ಉಳಿತಾಯ ಖಾತೆಗೇ ನಾವು ಗುಂಡುಕಲ್ಲು ಹೇರಿದ್ದು.

ಕುಣಿಗಲ್ ಕಡೆ ನಮ್ಮಜ್ಜಿ ಮನೆ ಹಿತ್ತಲಲ್ಲಿ, ಸೌದೆ ಒಟ್ಟಿನಿಂದ ಇವು ಬಂದ್ರೆ ಅಜ್ಜಿ ಬೀಸ್ತಿದ್ದ ರಾಗಿಕಲ್ಲು ಸಹ ನಿಲ್ಲಿಸ್ತಿರಲಿಲ್ಲ, "ಹೋಗ್ ತಾಯಿ ಆ ಕಡೆ" ಅಂತಿದ್ರು, ಅದೂ ಹೋಗ್ತಿತ್ತು. ಆ ಹಿತ್ತಲಲ್ಲಿ ಈಗ ಯಾರದೋ ಕಾರ್ ಶೆಡ್ ಇದೆ.

ನಿನ್ನೆ ರಾತ್ರಿ ನೀರು ಕುಡಿಯೋಕೆ ಹೋದಾಗ ಮೋಟು ಬಾಲ ಇಟ್ಕೊಂಡು ಇಣುಕಿ ನೋಡ್ತು. ಯಾರಿಗೂ ಹೇಳ್ಲಿಲ್ಲ. ಹೋಗ್ಲಿ ಪಾಪ ಅಂತ ಹಿಂಬಾಗಿಲು ಎರಡಿಂಚು ತೆರೆದಿಟ್ಟೆ. ಅದು ಹೋಗಿಲ್ಲ, ಸೊಳ್ಳೆ ಬಂದಿವೆ.